ಬಣ್ಣದ ಜೊತೆಗೆ ಹೊಳಪನ್ನೂ ಕೇಳಿ: ಮನೆಯ ಯಾವ ಕೋಣೆಗೆ ಯಾವ ಫಿನಿಶ್?

ಮನೆ ಕಟ್ಟಿಸುವವರು ಬಣ್ಣದ ಅಂಗಡಿಗೆ ಬಂದಾಗ ಮೊದಲು ಕೈಗೆತ್ತಿಕೊಳ್ಳುವುದು ಶೇಡ್ ಕಾರ್ಡನ್ನು. ತಿಳಿಹಳದಿಯೋ, ಕೆನೆಬಣ್ಣವೋ ಎಂದು ಪತಿಪತ್ನಿಯರು ಗಂಟೆಗಟ್ಟಲೆ ಚರ್ಚಿಸುವುದನ್ನು ನಮ್ಮ ಸದಸ್ಯರಲ್ಲಿ ಬಣ್ಣ ಹಾಗೂ ಹಾರ್ಡ್‌ವೇರ್ ವ್ಯಾಪಾರಿಗಳಾದವರೆಲ್ಲರೂ ಕಂಡಿರುತ್ತಾರೆ. ಆದರೆ ಆ ಬಣ್ಣ ಯಾವ ಹೊಳಪಿನಲ್ಲಿರಬೇಕು ಎಂದು ಕೇಳುವ ಗ್ರಾಹಕರು ಅತಿ ವಿರಳ. ಆ ತೀರ್ಮಾನವನ್ನು ಪೇಂಟರ್ ಕೈಗೊಳ್ಳುತ್ತಾನೆ, ಇಲ್ಲವೇ ಕೌಂಟರಿನ ಹುಡುಗ ದಾಸ್ತಾನಿನಲ್ಲಿ ಹೆಚ್ಚಾಗಿರುವ ಡಬ್ಬವನ್ನೇ ಎತ್ತಿಕೊಡುತ್ತಾನೆ. ಶಿವಮೊಗ್ಗದಲ್ಲಿ ಬಹುಕಾಲದಿಂದ ಈ ವ್ಯಾಪಾರದಲ್ಲಿರುವ ನನ್ನ ಅನುಭವದಲ್ಲಿ, ಗೃಹಪ್ರವೇಶವಾದ ವರ್ಷದೊಳಗೆ ಬರುವ ದೂರುಗಳಲ್ಲಿ ಬಣ್ಣದ ಬಗ್ಗೆ ಇರುವವು ಕಡಿಮೆ. ಪದರ ಏಳುತ್ತಿದೆ, ಕಲೆ ಹೋಗುತ್ತಿಲ್ಲ, ಗೋಡೆ ಅಂಕುಡೊಂಕಾಗಿ ಕಾಣುತ್ತಿದೆ ಎಂಬ ದೂರುಗಳೇ ಹೆಚ್ಚು. ಇವುಗಳಲ್ಲಿ ಬಹುಪಾಲು ಫಿನಿಶ್ ಆಯ್ಕೆಯಲ್ಲಿ ಆದ ತಪ್ಪುಗಳು.

ಅಂತಹ ಒಂದು ತಪ್ಪಿಗೆ ಸ್ವತಃ ನಾನೇ ಕಾರಣನಾದ ಪ್ರಸಂಗವನ್ನು ಇಲ್ಲಿ ಹೇಳಬೇಕು. ತೀರ್ಥಹಳ್ಳಿ ಕಡೆಯ ಗ್ರಾಹಕರೊಬ್ಬರು ಶ್ರಾವಣದಲ್ಲಿ ಗೃಹಪ್ರವೇಶದ ಮುಹೂರ್ತ ಇಟ್ಟುಕೊಂಡಿದ್ದರು. ಅಡುಗೆಮನೆ ಮತ್ತು ಊಟದ ಕೋಣೆಯ ಗೋಡೆಗಳು ಕನ್ನಡಿಯಂತೆ ಹೊಳೆಯಬೇಕು, ಒರೆಸಿದರೆ ಎಲ್ಲ ಕಲೆಯೂ ಹೋಗಬೇಕು ಎಂಬುದು ಅವರ ಅಪೇಕ್ಷೆ. ನಾನು ಗ್ಲಾಸ್ ಎನಾಮೆಲ್ ಕೊಟ್ಟೆ. ಪ್ಲಾಸ್ಟರಿಂಗ್ ಮುಗಿದು ಎಷ್ಟು ದಿನವಾಯಿತು ಎಂದು ಕೇಳಲಿಲ್ಲ. ಮುಗಿದು ಹದಿನೈದು ದಿನವಷ್ಟೇ ಆಗಿತ್ತು, ಅದೂ ಮಲೆನಾಡಿನ ಮಳೆಯಲ್ಲಿ. ದೀಪಾವಳಿಯ ಹೊತ್ತಿಗೆ ಬಣ್ಣ ಅಂಟಂಟಾಗಿ, ಹಪ್ಪಳದಂತೆ ಎದ್ದು ಬರತೊಡಗಿತು. "ಡಬ್ಬ ಹಳೆಯದಿತ್ತೇನೋ ಸ್ವಾಮಿ, ನೋಡಿ" ಎಂದು ಅವರು ಸೌಜನ್ಯದಿಂದಲೇ ಕೇಳಿದರು. ಡಬ್ಬದಲ್ಲಿ ದೋಷವಿರಲಿಲ್ಲ. ಕೆರೆದು ಮತ್ತೆ ಬಳಿಸುವ ಕೂಲಿಯನ್ನೂ ಹೊಸ ಬಣ್ಣದ ವೆಚ್ಚವನ್ನೂ ನಾನೇ ಭರಿಸಬೇಕಾಯಿತು.

ಆದದ್ದಿಷ್ಟೆ. ಹೊಸ ಸಿಮೆಂಟ್ ಗಾರೆ ತೀವ್ರ ಕ್ಷಾರೀಯವಾಗಿರುತ್ತದೆ. ಸಾಮಾನ್ಯ ಎನಾಮೆಲ್‌ನ ಆಧಾರ ಎಣ್ಣೆಯಿಂದ ತಯಾರಾದ ಆಲ್ಕಿಡ್ ರಾಳ. ಕ್ಷಾರ, ತೇವ ಮತ್ತು ಎಣ್ಣೆ ಒಂದೆಡೆ ಸೇರಿದರೆ ಏನಾಗುತ್ತದೆ ಎಂಬುದು ಸಾಬೂನು ತಯಾರಿಕೆಯಲ್ಲಿರುವ ನಮ್ಮ ಸದಸ್ಯರಿಗೆ ಚೆನ್ನಾಗಿ ತಿಳಿದಿದೆ. ಅದೇ ಕ್ರಿಯೆ ಆ ಗೋಡೆಯ ಮೇಲೆ ನಡೆದಿತ್ತು. ಹೊಸ ಗಾರೆಯನ್ನು ಕನಿಷ್ಠ 28 ದಿನ, ಮಳೆಗಾಲವಾದರೆ ಅದಕ್ಕೂ ಹೆಚ್ಚು ಕಾಲ ಒಣಗಲು ಬಿಟ್ಟು, ಕ್ಷಾರ ತಡೆಯುವ ಪ್ರೈಮರ್ ಬಳಿದ ನಂತರವೇ ಮುಂದಿನ ಕೆಲಸ ಎಂಬುದು ಹಳೆಯ ನಿಯಮ. ಮುಹೂರ್ತದ ಅವಸರದಲ್ಲಿ ಮೊದಲು ಬಲಿಯಾಗುವುದು ಈ ನಿಯಮವೇ.

ಹೊಳಪು ಎಲ್ಲಿಂದ ಬರುತ್ತದೆ?

ಬಣ್ಣದಲ್ಲಿ ಮುಖ್ಯವಾಗಿ ಎರಡು ಘನಾಂಶಗಳಿರುತ್ತವೆ. ಒಂದು ವರ್ಣದ್ರವ್ಯ ಹಾಗೂ ಅದರ ಜೊತೆ ಸೇರಿಸುವ ಸೀಮೆಸುಣ್ಣ, ಟಾಲ್ಕ್ ಮುಂತಾದ ಪುಡಿಗಳು. ಇನ್ನೊಂದು ಅವುಗಳನ್ನು ಹಿಡಿದಿಡುವ ಬೈಂಡರ್, ಅಂದರೆ ರಾಳ. ಪುಡಿಯ ಪ್ರಮಾಣ ಹೆಚ್ಚಿದ್ದರೆ ಒಣಗಿದ ಪದರದ ಮೇಲ್ಮೈ ಕಣ್ಣಿಗೆ ಕಾಣದಷ್ಟು ತರಿತರಿಯಾಗಿದ್ದು ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ. ಇದು ಮ್ಯಾಟ್. ರಾಳ ಹೆಚ್ಚಿದ್ದರೆ ಮೇಲ್ಮೈ ನುಣುಪಾಗಿ ಬೆಳಕನ್ನು ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಇದು ಗ್ಲಾಸ್. ಇವೆರಡರ ನಡುವೆ ಎಗ್‌ಶೆಲ್, ಸಾಟಿನ್, ಸೆಮಿ ಗ್ಲಾಸ್ ಎಂಬ ಮೆಟ್ಟಿಲುಗಳಿವೆ. ಹೊಳಪನ್ನು 60 ಡಿಗ್ರಿ ಕೋನದಲ್ಲಿ ಅಳೆಯುವ ಉಪಕರಣವಿದೆ. ಉತ್ತರ ಅಮೆರಿಕದ ಮಾಸ್ಟರ್ ಪೇಂಟರ್ಸ್ ಇನ್‌ಸ್ಟಿಟ್ಯೂಟ್‌ನ ವರ್ಗೀಕರಣದಂತೆ 5 ಅಂಕ ಮೀರದಿದ್ದರೆ ಮ್ಯಾಟ್, 35ರಿಂದ 70ರವರೆಗೆ ಸೆಮಿ ಗ್ಲಾಸ್, 70ರಿಂದ 85ರವರೆಗೆ ಗ್ಲಾಸ್. ನಮ್ಮ ಪೇಟೆಯ ಡಬ್ಬಗಳ ಮೇಲೆ ಈ ಅಂಕಗಳನ್ನು ಕಾಣುವುದು ಅಪರೂಪ. ಒಂದು ಕಂಪನಿಯ ಸಾಟಿನ್ ಮತ್ತೊಂದರ ಸೆಮಿ ಗ್ಲಾಸ್‌ಗೆ ಸಮನಾಗಿರಬಹುದು. ಸಾಟಿನ್ ಎನಾಮೆಲ್ ಬೇರೆ, ಸಾಟಿನ್ ಎಮಲ್ಷನ್ ಬೇರೆ ಎಂಬುದನ್ನೂ ಹೊಸಬರು ಗಮನಿಸಬೇಕು. ಮೊದಲನೆಯದು ಮರ ಮತ್ತು ಕಬ್ಬಿಣಕ್ಕೆ, ಎರಡನೆಯದು ಗೋಡೆಗೆ.

ಈ ರಚನೆಯನ್ನು ಅರಿತರೆ ಉಳಿದದ್ದು ಸುಲಭ. ರಾಳ ಹೆಚ್ಚಿದಂತೆ ಗೋಡೆಯನ್ನು ತೊಳೆಯಬಹುದು, ಕಲೆ ಒಳಕ್ಕೆ ಇಳಿಯದು. ಆದರೆ ಗಾರೆಯ ಪ್ರತಿಯೊಂದು ಏರುತಗ್ಗೂ ಎದ್ದು ಕಾಣುತ್ತದೆ. ಪುಡಿ ಹೆಚ್ಚಿದಂತೆ ಏರುತಗ್ಗು ಮರೆಯಾಗುತ್ತದೆ, ಚೂರು ಕೆತ್ತಿಹೋದಲ್ಲಿ ತೇಪೆ ಹಚ್ಚಿದರೂ ಅಷ್ಟಾಗಿ ಕಾಣದು. ಆದರೆ ಒರೆಸಿದರೆ ಕಲೆಯೊಡನೆ ಬಣ್ಣವೂ ಸವೆಯುತ್ತದೆ.

ಕೋಣೆಯಿಂದ ಕೋಣೆಗೆ

ಛಾವಣಿಯ ಒಳಭಾಗಕ್ಕೆ ಮ್ಯಾಟ್ ಬಿಟ್ಟು ಬೇರೇನೂ ಬೇಡ. ಅದನ್ನು ಯಾರೂ ಮುಟ್ಟುವುದಿಲ್ಲ, ಸೆಂಟ್ರಿಂಗ್ ಹಲಗೆಯ ಗುರುತುಗಳೂ ಅಡಗುತ್ತವೆ.

ನಡುಮನೆಯ ವಿಷಯದಲ್ಲಿ ಮಾತ್ರ ಗ್ರಾಹಕರೊಡನೆ ಸ್ವಲ್ಪ ವಾದ ಮಾಡಬೇಕಾಗುತ್ತದೆ. ಹಣ ಹೆಚ್ಚು ಕೊಟ್ಟರೆ ಹೊಳಪು ಹೆಚ್ಚಿರಬೇಕು ಎಂಬ ಭಾವನೆ ಬಲವಾಗಿದೆ. ಆದರೆ ನಮ್ಮ ಮನೆಗಳಲ್ಲಿ ಟ್ಯೂಬ್‌ಲೈಟನ್ನು ಗೋಡೆಗೇ, ಛಾವಣಿಯ ಸಮೀಪದಲ್ಲಿ ಜೋಡಿಸುವುದು ರೂಢಿ. ಅದರ ಬೆಳಕು ಗೋಡೆಯನ್ನು ಸವರಿಕೊಂಡು ಕೆಳಗಿಳಿಯುತ್ತದೆ. ಹಗಲು ನುಣುಪಾಗಿ ಕಂಡ ಗೋಡೆ ಸಂಜೆ ದೀಪ ಹಾಕಿದೊಡನೆ ಅಲೆಅಲೆಯಾಗಿ ಕಾಣುವುದು ಇದರಿಂದಲೇ. ಗಾರೆಯವನ ಕೈಚಳಕದ ಮೇಲೆ ಪೂರ್ಣ ಭರವಸೆ ಇಲ್ಲದಿದ್ದಲ್ಲಿ ಮ್ಯಾಟ್ ಅಥವಾ ಎಗ್‌ಶೆಲ್ ಆರಿಸುವುದೇ ಲೇಸು. ಇಷ್ಟಾಗಿಯೂ ಹೊಳಪು ಬೇಕೇಬೇಕು ಎನ್ನುವವರಿಗೆ ಒಂದು ಸಂಜೆ ಟ್ಯೂಬ್‌ಲೈಟಿನ ಕೆಳಗೆ ಎರಡಡಿ ಚೌಕದಷ್ಟು ಬಳಿದು ನೋಡಲು ಹೇಳುತ್ತೇನೆ. ಕಡು ಬಣ್ಣದ ಮ್ಯಾಟ್‌ಗೂ ಒಂದು ದೋಷವಿದೆ: ಸೋಫಾ, ಕುರ್ಚಿಗಳ ಬೆನ್ನು ಉಜ್ಜಿದ ಕಡೆ ಹೊಳೆಯುವ ಮಚ್ಚೆಗಳು ಮೂಡುತ್ತವೆ.

ಮಲಗುವ ಕೋಣೆಗೂ ಇದೇ ನ್ಯಾಯ ಸಲ್ಲುತ್ತದೆ. ಮಕ್ಕಳಿರುವ ಕೋಣೆ, ಮೆಟ್ಟಿಲ ಪಕ್ಕದ ಗೋಡೆ, ಸ್ವಿಚ್‌ಬೋರ್ಡಿನ ಸುತ್ತಮುತ್ತ ಸಾಟಿನ್ ಎಮಲ್ಷನ್ ತಕ್ಕದ್ದು.

ಅಡುಗೆಮನೆಯಲ್ಲಿ ಶತ್ರು ಒಗ್ಗರಣೆಯ ಹೊಗೆ. ಎಣ್ಣೆಯ ಸೂಕ್ಷ್ಮ ಹನಿಗಳು ಮ್ಯಾಟ್ ಗೋಡೆಯ ರಂಧ್ರಗಳಲ್ಲಿ ಕುಳಿತರೆ ಮತ್ತೆ ಬಿಡುವುದಿಲ್ಲ. ಟೈಲ್ಸ್ ಮುಗಿದ ಮೇಲಿನ ಭಾಗಕ್ಕೆ ಸಾಟಿನ್ ಅಥವಾ ಸೆಮಿ ಗ್ಲಾಸ್ ಎಮಲ್ಷನ್ ಸೂಕ್ತ. ಹಳೆಯ ಅಡುಗೆಮನೆಗೆ ಮರುಬಣ್ಣ ಹಾಕುವ ಮೊದಲು ಸೋಪಿನ ನೀರಿನಿಂದ ಜಿಡ್ಡು ತೆಗೆದು, ಶುದ್ಧ ನೀರಿನಿಂದ ತೊಳೆದು ಒಣಗಿಸಲೇಬೇಕು. ಜಿಡ್ಡಿನ ಮೇಲೆ ಯಾವ ಬಣ್ಣವೂ ನಿಲ್ಲದು. ದೀಪದ ಮಸಿ ಹಿಡಿಯುವ ದೇವರ ಕೋಣೆಗೂ ಸಾಟಿನ್ ಆಗಬಹುದು.

ಸ್ನಾನಗೃಹದಲ್ಲಿ ಆವಿಯದೇ ತೊಂದರೆ. ಬೂಷ್ಟು ನಿರೋಧಕ ಗುಣವಿರುವ ಸೆಮಿ ಗ್ಲಾಸ್ ಎಮಲ್ಷನ್ ಅಲ್ಲಿ ಹೊಂದುತ್ತದೆ, ಆದರೆ ಗಾಳಿ ಹೊರಹೋಗಲು ಕಿಂಡಿ ಇಲ್ಲದಿದ್ದರೆ ಯಾವ ಡಬ್ಬದಿಂದಲೂ ಪ್ರಯೋಜನವಿಲ್ಲ. ಹಂಡೆಯೊಲೆಯಿರುವ ಮಲೆನಾಡಿನ ಬಚ್ಚಲುಮನೆಗೆ ದುಬಾರಿ ಬಣ್ಣ ಕೇಳಿಕೊಂಡು ಬಂದವರನ್ನು ನಾನು ಸುಣ್ಣ ಕೊಟ್ಟು ಕಳಿಸಿದ್ದುಂಟು. ಹೊಗೆಗೂ ಆವಿಗೂ ವರ್ಷಕ್ಕೊಮ್ಮೆ ಸುಣ್ಣ ಹೊಡೆಯುವುದಕ್ಕಿಂತ ಅಗ್ಗದ ಉಪಾಯವನ್ನು ನಾನಿನ್ನೂ ಕಂಡಿಲ್ಲ.

ಬಾಗಿಲು, ಕಿಟಕಿ, ಸರಳುಗಳಿಗೆ ಎನಾಮೆಲ್ ಇಂದಿಗೂ ಸರಿಯಾದ ಆಯ್ಕೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ 2016ರ ನಿಯಮಗಳು 2017ರ ನವೆಂಬರ್ 1ರಿಂದ ಜಾರಿಗೆ ಬಂದವು. ಅದಕ್ಕೂ ಹಿಂದೆ ಬಳಿದ ಎನಾಮೆಲ್‌ನಲ್ಲಿ ಸೀಸ ಹೆಚ್ಚಿರುವ ಸಾಧ್ಯತೆ ಇದೆ. ಹಳೆಯ ಕಿಟಕಿಗಳನ್ನು ಒಣದಾಗಿ ಉಜ್ಜದೆ, ನೀರು ಹಚ್ಚಿ ಉಜ್ಜಿಸಿ, ಆ ಧೂಳಿನಿಂದ ಮಕ್ಕಳನ್ನು ದೂರವಿಡುವಂತೆ ಗ್ರಾಹಕರಿಗೂ ಪೇಂಟರುಗಳಿಗೂ ತಿಳಿಸಬೇಕು.

ಬೆವರುವ ಗೋಡೆಗಳು

ಬಳ್ಳಾರಿ, ರಾಯಚೂರಿನ ಒಣ ಹವೆಯಲ್ಲಿ ನಡೆಯುವ ಆಯ್ಕೆ ಆಗುಂಬೆಯ ಬುಡದಲ್ಲಿ ನಡೆಯಲಾರದು. ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ಮಣ್ಣಿನದು ಅಥವಾ ಜಂಬಿಟ್ಟಿಗೆಯದು, ಮೇಲೆ ಸುಣ್ಣ. ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ಹೊರಬಿಡುವುದು ಇಂತಹ ಗೋಡೆಯ ಸ್ವಭಾವ. ಗಾಳಿಮಳೆ ಬಡಿಯುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಹಿರಿಯರು ಅದನ್ನು ಕಾಪಾಡುತ್ತಿದ್ದರು. ಮಗ ಬೆಂಗಳೂರಿನಿಂದ ಬಂದು ಅದೇ ಗೋಡೆಗೆ ಹೊಳಪಿನ ಬಣ್ಣ ಬಳಿಸಿದರೆ ತೇವ ಹೊರಬರಲು ದಾರಿಯಿಲ್ಲದೆ ಪದರದ ಹಿಂದೆ ಸೇರಿಕೊಂಡು ಗುಳ್ಳೆ ಎಬ್ಬಿಸುತ್ತದೆ, ಬಿಳಿ ಉಪ್ಪನ್ನು ಹೊರದೂಡುತ್ತದೆ. ಇಂತಹ ಮನೆಗೆ ಸುಣ್ಣವೇ ಉತ್ತಮ; ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುತ್ತದೆ, ಆವಿಯನ್ನು ತಡೆಯುವುದಿಲ್ಲ. ಇದನ್ನು ಹೇಳಿದ್ದರಿಂದ ದೊಡ್ಡ ಬಿಲ್ಲೊಂದು ಕೈತಪ್ಪಿದ್ದೂ ಇದೆ.

ಸಂದೇಹವಿದ್ದಲ್ಲಿ ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚುಗಳನ್ನು ಟೇಪಿನಿಂದ ಮುಚ್ಚಿ, ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಬಿಡಬೇಕು. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಸಿದ್ಧವಾಗಿಲ್ಲ. ಹಾಳೆಯ ಬೆಲೆ ಕೆಲವೇ ರೂಪಾಯಿ.

ವ್ಯಾಪಾರಿಯ ಹೊಣೆ

10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯಲ್ಲಿ ಗೋಡೆಯ ವಿಸ್ತೀರ್ಣ 440 ಚದರಡಿ. ಬಾಗಿಲು, ಕಿಟಕಿಗೆ 60 ಕಳೆದರೆ 380. ಎರಡು ಕೋಟಿಗೆ ಲೀಟರಿಗೆ ಸುಮಾರು 120 ಚದರಡಿಯಂತೆ ಮೂರೂಕಾಲು ಲೀಟರು ಎಮಲ್ಷನ್ ಸಾಕು. ಇಷ್ಟು ಬಣ್ಣದಲ್ಲಿ ಮ್ಯಾಟ್‌ಗೂ ಸಾಟಿನ್‌ಗೂ ಬರುವ ಬೆಲೆಯ ಅಂತರ ಒಮ್ಮೆ ಕೆರೆದು ಪುಟ್ಟಿ ಹಾಕಿ ಮತ್ತೆ ಬಳಿಸುವ ಕೂಲಿಯ ಮುಂದೆ ಏನೂ ಅಲ್ಲ.

ಕಾನೂನಿನ ಮಾತೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಿತು. ಸರಕಿನ ಸರಿಯಾದ ಬಳಕೆಯ ಬಗ್ಗೆ ತಯಾರಕರು ನೀಡಿದ ಸೂಚನೆಗಳನ್ನು ಗ್ರಾಹಕನಿಗೆ ತಲುಪಿಸದಿದ್ದರೆ, ಇಲ್ಲವೇ ತಯಾರಕರು ಕೊಡದ ಖಾತರಿಯನ್ನು ತಾನೇ ಕೊಟ್ಟರೆ, ಮಾರಾಟಗಾರನೂ ಹೊಣೆಗಾರನಾಗಬಹುದು. "ಹತ್ತು ವರ್ಷ ಏನೂ ಆಗಲ್ಲ, ತಗೊಂಡ್ಹೋಗಿ" ಎಂದು ಕೌಂಟರಿನಲ್ಲಿ ಆಡುವ ಮಾತಿಗೆ ಈಗ ತೂಕ ಬಂದಿದೆ.

ತೀರ್ಥಹಳ್ಳಿಯ ಪ್ರಸಂಗದ ನಂತರ ನಮ್ಮ ಅಂಗಡಿಯಲ್ಲಿ ಟಿಂಟಿಂಗ್ ಯಂತ್ರಕ್ಕೆ ಡಬ್ಬವಿಡುವ ಮೊದಲು ಮೂರು ಪ್ರಶ್ನೆ ಕೇಳುತ್ತೇವೆ: ಗಾರೆ ಮುಗಿದು ಎಷ್ಟು ದಿನವಾಯಿತು, ಗೋಡೆಯ ಆ ಬದಿಗೆ ಏನಿದೆ, ದೀಪ ಎಲ್ಲಿ ಬರುತ್ತದೆ. ಎರಡನೆಯ ಪ್ರಶ್ನೆಗೆ "ಬಚ್ಚಲು" ಎಂಬ ಉತ್ತರ ಬಂದರೆ ಮಾತು ಉದ್ದವಾಗುತ್ತದೆ. ಬಿಲ್ಲಿನ ಮೇಲೆ ಶೇಡ್ ಸಂಖ್ಯೆಯ ಜೊತೆಗೆ ಫಿನಿಶ್ ಮತ್ತು ಕೋಣೆಯ ಹೆಸರನ್ನು ನಮೂದಿಸುತ್ತೇವೆ. ಮುಚ್ಚಳದ ಮೇಲೂ ಮಾರ್ಕರಿನಲ್ಲಿ ಅದನ್ನೇ ಬರೆಯುತ್ತೇವೆ. ಎರಡು ವರ್ಷದ ಮೇಲೆ ಗ್ರಾಹಕರು ಹಳೆಯ ಮುಚ್ಚಳವನ್ನೇ ಹಿಡಿದು ಬಂದಾಗ ಅದೇ ಬಣ್ಣವನ್ನು ಅದೇ ಹೊಳಪಿನಲ್ಲಿ ಕೊಡಲು ಅಷ್ಟು ಸಾಕಾಗುತ್ತದೆ.