ಸಾಲಕ್ಕೆ ಹೆದರಿ ಬಾಗಿಲು ಹಾಕಿಕೊಳ್ಳಬೇಡಿ



ಬೆಳೆಗೆ ಬೀಳುವ ಹುಳುವಿನ ವಿಚಾರ ಎಷ್ಟೋ ಸಲ ಮಾತಾಡಿದ್ದೇವೆ. ಈ ದಿನ ಮನೆಗೆ ಬೀಳುವ ಹುಳುವಿನ ಮಾತು. ಅದೇ ಸಾಲ. ಹೊಲಕ್ಕೆ ಹುಳು ಬಿದ್ದರೆ ಎಲೆ ಮುದುರುತ್ತದೆ, ಹತ್ತು ಜನಕ್ಕೆ ಕಾಣುತ್ತದೆ, ಪಕ್ಕದ ಹೊಲದವನು ಬಂದು "ಏನಪ್ಪಾ, ಔಷಧಿ ಹೊಡೆದೆಯಾ?" ಅಂತ ಕೇಳುತ್ತಾನೆ. ಸಾಲ ಹಾಗಲ್ಲ. ಅದು ಯಜಮಾನನ ಜೇಬಿನಲ್ಲಿ, ಟ್ರಂಕಿನ ತಳದಲ್ಲಿ ಅಡಗಿ ಕೂತಿರುತ್ತದೆ. ಹೆಂಡತಿಗೆ ಅರ್ಧ ಗೊತ್ತು, ದೊಡ್ಡ ಮಗನಿಗೆ ಕಾಲುಭಾಗ ಗೊತ್ತು, ಪೂರ್ತಿ ಲೆಕ್ಕ ಯಜಮಾನನಿಗೇ ಗೊತ್ತಿರುವುದಿಲ್ಲ. ಸಾಲ ಕೊಟ್ಟವನು ಜಗಲಿಯ ಮೇಲೆ ಕೂತು ಗಂಟಲು ಏರಿಸಿದ ದಿನವೇ ಮನೆಮಂದಿಗೆಲ್ಲ ತಿಳಿಯುವುದು.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದು ಬುದ್ಧಿ ಹೇಳುವವರು ಬಹಳ. ಮಳೆ ಕೈಕೊಟ್ಟು ಹಾಸಿಗೆಯನ್ನೇ ಎಳೆದುಕೊಂಡು ಹೋದರೆ ಕಾಲು ಎಲ್ಲಿಡಬೇಕು? ಬೇಸಾಯ ಮಾಡುವವನು ಸಾಲ ಮಾಡದೆ ಇರುವುದು ಕಷ್ಟ. ಬೀಜ ಮೊದಲು, ಫಸಲು ಆಮೇಲೆ. ನಡುವಿನ ನಾಲ್ಕು ತಿಂಗಳಿಗೆ ದುಡ್ಡು ಎಲ್ಲಿಂದಲಾದರೂ ಬರಲೇಬೇಕು. ಆದಕಾರಣ ಸಾಲ ಮಾಡಿದ್ದಕ್ಕೆ ನಾಚಿಕೆಪಡಬೇಕಾದ್ದಿಲ್ಲ. ಮುಚ್ಚಿಟ್ಟುಕೊಂಡು ಕೂರುವುದು ಮಾತ್ರ ಅಪಾಯ.

ಮೊದಲ ಕೆಲಸ ಇಷ್ಟೆ. ರಾತ್ರಿ ಊಟವಾದ ಮೇಲೆ ಮಗನದೋ ಮಗಳದೋ ಶಾಲೆಯ ನೋಟು ಪುಸ್ತಕ ತೆಗೆಯಿರಿ. ಮನೆಯವರೆಲ್ಲ ಸುತ್ತ ಕೂತಿರಲಿ. ಯಾರಿಗೆ, ಎಷ್ಟು ಅಸಲು, ಎಷ್ಟು ಬಡ್ಡಿ, ಯಾವ ತಾರೀಖಿಗೆ ಗಡುವು, ಯಾವ ಕಾಗದಕ್ಕೆ ರುಜು ಹಾಕಿದೆ, ಏನು ಒತ್ತೆ ಇದೆ, ಎಲ್ಲವನ್ನೂ ಬರೆಯಿರಿ. ನಾಲ್ಕೆಕರೆ ಖುಷ್ಕಿ ಇರುವ ಒಂದು ಸಂಸಾರ ಎಂದಿಟ್ಟುಕೊಳ್ಳಿ. ಸೊಸೈಟಿಯ ಬೆಳೆಸಾಲ 80,000 ರೂಪಾಯಿ; ಬ್ಯಾಂಕಿನಲ್ಲಿ ಒಡವೆ ಮೇಲಿನ ಸಾಲ 60,000; ಹೆಂಗಸರ ಗುಂಪಿನ ವಾರದ ಕಂತಿನ ಸಾಲ 40,000; ಸಾಹುಕಾರನದು 50,000; ಗೊಬ್ಬರದ ಅಂಗಡಿ ಬಾಕಿ 22,000; ಭಾವಮೈದುನ ಕೊಟ್ಟ ಕೈಗಡ 30,000. ಒಟ್ಟು 2,82,000. ಬರೆದಾಗ ಎದೆ ಧಸಕ್ಕೆನ್ನುವುದು ನಿಜ. ಆದರೆ ಬರೆಯದಿದ್ದರೆ ಅದು ಕಡಿಮೆಯೇನೂ ಆಗುವುದಿಲ್ಲವಲ್ಲ.

ಈಗ ಬಡ್ಡಿಯ ಸಾಲು ನೋಡಿ. ಸಾಹುಕಾರನದು "ಮೂರು ರೂಪಾಯಿ ಬಡ್ಡಿ" ಅಂತೀರಿ. ಕೇಳಲು ಹಗುರ. ಅದು ತಿಂಗಳಿಗೆ ನೂರಕ್ಕೆ ಮೂರು. ಅಂದರೆ ವರ್ಷಕ್ಕೆ ನೂರಕ್ಕೆ 36. 50,000ಕ್ಕೆ ವರ್ಷಕ್ಕೆ 18,000 ರೂಪಾಯಿ ಬಡ್ಡಿಯೇ ಆಯಿತು, ಅಸಲು ಇದ್ದಲ್ಲೇ ಇದೆ. ಸಂತೆಯ ಕಡೆ ದಿನದ ಕಂತಿನ ಸಾಲ ಕೊಡುವವರಿದ್ದಾರೆ. 10,000 ಎಂದು ಬರೆಸಿಕೊಂಡು 9,000 ಕೈಗೆ ಕೊಡುತ್ತಾರೆ, ದಿನಕ್ಕೆ 100ರಂತೆ ನೂರು ದಿನ ಕಟ್ಟಬೇಕು. "ಸಾವಿರ ರೂಪಾಯಿ ತಾನೆ" ಅನಿಸುತ್ತದೆ. ಆದರೆ ದಿನ ದಿನವೂ ಅಸಲು ಕರಗುತ್ತ ಹೋಗುವುದರಿಂದ ಆ ನೂರು ದಿನ ಸರಾಸರಿ ನಿಮ್ಮ ಕೈಲಿದ್ದದ್ದು ಸುಮಾರು 4,500 ಮಾತ್ರ. ಅದಕ್ಕೆ ಸಾವಿರ ಬಡ್ಡಿ. ವರ್ಷದ ಲೆಕ್ಕಕ್ಕೆ ತಂದರೆ ನೂರಕ್ಕೆ 80 ದಾಟುತ್ತದೆ!

ಸಾಮಾನ್ಯವಾಗಿ ನಾವು ಯಾರಿಗೆ ಮೊದಲು ಕಟ್ಟುತ್ತೇವೆ? ಯಾರು ಹೆಚ್ಚು ಕೂಗಾಡುತ್ತಾರೋ ಅವರಿಗೆ. ಇದು ತಪ್ಪು. ಹೆಚ್ಚು ಬಡ್ಡಿ ತಿನ್ನುವ ಸಾಲ ಮೊದಲು ತೀರಬೇಕು. ಇದಕ್ಕೊಂದು ಅಪವಾದ ಸೊಸೈಟಿ. ಕರ್ನಾಟಕದಲ್ಲಿ ಸಹಕಾರ ಸಂಘಗಳ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಗಡುವಿನೊಳಗೆ ಕಟ್ಟಿದವರಿಗಷ್ಟೇ ಆ ಅನುಕೂಲ. ಒಂದು ದಿನ ತಪ್ಪಿದರೂ ಬಡ್ಡಿ ಬೀಳುತ್ತದೆ, ಮುಂದಿನ ವರ್ಷದ ಸಾಲಕ್ಕೂ ತೊಡಕು. ಸೊಸೈಟಿ ಎಂಬುದು ನಮ್ಮ ಸೀಮೆಗೆ ಹೊಸದಲ್ಲ. ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಅದನ್ನು ಕಟ್ಟಿದರು. ಹಾಗಿದ್ದೂ 1951-52ರಲ್ಲಿ ದೇಶದಾದ್ಯಂತ ಗ್ರಾಮೀಣ ಸಾಲದ ಸಮೀಕ್ಷೆ ಮಾಡಿದಾಗ, ರೈತರು ತಂದ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳದ್ದು ಬರೀ ಮೂರು ರೂಪಾಯಿಯಷ್ಟಿತ್ತು. ಮಿಕ್ಕದ್ದರಲ್ಲಿ ಬಹುಪಾಲು ಬಡ್ಡಿ ವ್ಯಾಪಾರದವರದು. ಈಗ ಕಾಲ ಬದಲಾಗಿದೆ. ಸೊಸೈಟಿಯ ಷೇರು ಇನ್ನೂ ಇಲ್ಲದವರು ಮಾಡಿಸಿಕೊಳ್ಳಿ.

ಸಾಲ ತಂದು ಸಾಲ ತೀರಿಸಬಹುದೆ ಎಂದು ಕೆಲವರು ಕೇಳುತ್ತಾರೆ. ಮೂರು ರೂಪಾಯಿ ಬಡ್ಡಿಯದನ್ನು ತೀರಿಸಲು ಬ್ಯಾಂಕಿನಲ್ಲಿ ಒಂದು ರೂಪಾಯಿಗೂ ಕೆಳಗಿನ ಬಡ್ಡಿಗೆ ಸಿಕ್ಕರೆ ತನ್ನಿ, ಅದು ಜಾಣತನ. ಬ್ಯಾಂಕಿನ ಕಂತು ಕಟ್ಟಲು ಐದು ರೂಪಾಯಿ ಬಡ್ಡಿಯ ಕೈಸಾಲ ತರುವುದು ಮನೆ ಮುಳುಗಿಸುವ ದಾರಿ. ಬೆಳೆ ಹಾಳಾಗಿದ್ದರೆ ಗಡುವು ಮುಗಿಯುವುದಕ್ಕೆ ಮುಂಚೆಯೇ ಬ್ಯಾಂಕಿಗೆ ಅರ್ಜಿ ಕೊಡಿ. ಬರಗಾಲ, ನೆರೆ ಎಂದು ಸರ್ಕಾರ ಸಾರಿದ ಕಡೆಗಳಲ್ಲಿ ಬೆಳೆಸಾಲವನ್ನು ಹಲವು ವರ್ಷದ ಕಂತಿನ ಸಾಲವಾಗಿ ಮಾರ್ಪಡಿಸಲು ಬ್ಯಾಂಕುಗಳಿಗೆ ಅವಕಾಶವಿದೆ. ಅರ್ಜಿಯ ನಕಲಿಗೆ ಮೊಹರು ಹಾಕಿಸಿಕೊಳ್ಳಲು ಮರೆಯಬೇಡಿ. ಬಾಯಿಮಾತಿನಲ್ಲಿ ಕೇಳಿ ಬಂದದ್ದು ಕೇಳಿದ ಹಾಗಲ್ಲ.

ಇನ್ನು ಕಾಗದದ ಮಾತು. ಸಾಹುಕಾರ ಮೂರು ವರ್ಷ ತುಂಬುತ್ತ ಬಂದ ಹಾಗೆ "ನೋಟು ಹೊಸದು ಮಾಡಿಕೊಡಿ" ಅಂತ ಬರುತ್ತಾನೆ, ಯಾಕೆ ಗೊತ್ತೆ? 1963ರ ಕಾಲಮಿತಿ ಕಾಯಿದೆಯ ಪ್ರಕಾರ ಇಂಥ ಹಣದ ಸಾಲಕ್ಕೆ ಮೂರು ವರ್ಷದೊಳಗೆ ದಾವೆ ಹಾಕಬೇಕು. ಹೊಸ ಕಾಗದಕ್ಕೆ ರುಜು ಬಿದ್ದರೆ ಮತ್ತೆ ಹೊಸದಾಗಿ ಮೂರು ವರ್ಷ. ಅಷ್ಟೇ ಆದರೆ ಹೋಗಲಿ ಅನ್ನಬಹುದು. ಆ ಹೊತ್ತಿಗೆ 50,000ಕ್ಕೆ 54,000 ಬಡ್ಡಿ ಬೆಳೆದಿರುತ್ತದೆ; ಎರಡನ್ನೂ ಸೇರಿಸಿ 1,04,000 ಅಸಲು ಎಂದೇ ಬರೆದುಬಿಡುತ್ತಾನೆ. ಅಂದಿನಿಂದ ಬಡ್ಡಿಗೆ ಬಡ್ಡಿ. ಹೊಸ ಕಾಗದ ಮಾಡಲೇಬೇಕಾದರೆ ಅಂಕಿಯನ್ನು ಓದಿಸಿ ಕೇಳಿ, ಹಳೆಯ ಕಾಗದ ವಾಪಸು ಕೈಗೆ ಬರುವವರೆಗೂ ಹೊಸದಕ್ಕೆ ಕೈ ಹಚ್ಚಬೇಡಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಬೇಕು. ಖಾಲಿ ಕಾಗದಕ್ಕೆ ಹೆಬ್ಬೆಟ್ಟು, ಖಾಲಿ ಚೆಕ್ಕಿಗೆ ರುಜು, ಇವೆರಡು ಮಾತ್ರ ಎಂಥ ಗರಜಿದ್ದರೂ ಬೇಡ. ಸಾಲ ತೀರಿಸಲಾಗದ್ದು ಅಪರಾಧವಲ್ಲ. ಆದರೆ ಸಾಲಕ್ಕಾಗಿ ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿ ಬಂದರೆ ಕ್ರಿಮಿನಲ್ ಮೊಕದ್ದಮೆ ಹೂಡಬಹುದು, ಎರಡು ವರ್ಷದ ತನಕ ಶಿಕ್ಷೆಯೂ ಉಂಟು.

ಬಾಗಿಲಿಗೆ ಬಂದು ನಿಂತವನ ವಿಚಾರಕ್ಕೆ ಬರೋಣ. "ಮನೆ ಜಪ್ತಿ ಮಾಡಿಸ್ತೀನಿ, ಎತ್ತು ಹೊಡ್ಕೊಂಡು ಹೋಗ್ತೀನಿ" ಅಂತಾನೆ. ಹಾಗೆ ಹೊಡೆದುಕೊಂಡು ಹೋಗಲು ಅವನಿಗೆ ಯಾವ ಅಧಿಕಾರವೂ ಇಲ್ಲ. ಅವನು ಕೋರ್ಟಿಗೆ ಹೋಗಬೇಕು, ಡಿಕ್ರಿ ಆಗಬೇಕು. ಡಿಕ್ರಿಯಾದ ಮೇಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ರೈತನ ಕೆಲವು ವಸ್ತುಗಳನ್ನು ಜಪ್ತಿಯಿಂದ ಕಾಪಾಡುತ್ತದೆ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ ಹೊದಿಕೆ, ಹೆಣ್ಣುಮಗಳ ತಾಳಿ, ಬೇಸಾಯದ ಮುಟ್ಟು, ಜೀವನಕ್ಕೆ ಬೇಕೆಂದು ಕೋರ್ಟಿಗೆ ತೋರುವಷ್ಟು ದನ ಮತ್ತು ಬಿತ್ತನೆ ಬೀಜ, ರೈತ ತಾನು ವಾಸಮಾಡುವ ಸ್ವಂತ ಮನೆ, ಇವು ಆ ಪಟ್ಟಿಯಲ್ಲಿವೆ. ಮನೆಯನ್ನೋ ಜಮೀನನ್ನೋ ಅಡಮಾನ ಬರೆದುಕೊಟ್ಟಿದ್ದರೆ ಮಾತು ಬೇರೆ. ಅದಕ್ಕೇ ಅಡಮಾನದ ಕಾಗದಕ್ಕೆ ಮುಂಚೆ ಹತ್ತು ಸಲ ಯೋಚಿಸಿ. ಕೋರ್ಟಿನ ಅಮೀನನೇ ಬಂದರೂ ಸೂರ್ಯ ಮುಳುಗಿದ ಮೇಲೆ ವಾಸದ ಮನೆಯೊಳಗೆ ಜಪ್ತಿಗೆ ಕಾಲಿಡುವಂತಿಲ್ಲ. ಬರೀ ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಸಾಲಕ್ಕೆ ಬದಲು ಮಗನನ್ನು ಜೀತಕ್ಕೆ ಬಿಡು ಎನ್ನುವುದಂತೂ 1976ರ ಕಾಯಿದೆಯಿಂದ ಅಪರಾಧ.

2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರ ಕಡೆ ಕಂತು ವಸೂಲಿಯವರ ಕಾಟಕ್ಕೆ ಹೆದರಿ ಕೆಲವು ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ನೀವೂ ಕೇಳಿದ್ದೀರಿ. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಅದು ಕಾಯಿದೆಯೂ ಆಯಿತು. ನೋಂದಣಿ ಮಾಡಿಸದೆ ಕಿರುಸಾಲ ಕೊಡುವುದು, ವಸೂಲಿಗೆ ಗೂಂಡಾಗಳನ್ನು ಬಿಡುವುದು, ಹಿಂದೆ ಬಿದ್ದು ಹೆದರಿಸುವುದು, ಮನೆಯ ದಾಖಲೆ ಕಿತ್ತುಕೊಳ್ಳುವುದು ಇವಕ್ಕೆಲ್ಲ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೂರು ತೆಗೆದುಕೊಳ್ಳುವುದಿಲ್ಲ ಎಂದು ಪೊಲೀಸರು ಹೇಳುವಂತಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಬ್ಯಾಂಕು, ಕಂಪನಿಗಳಿಗೆ ಈ ಕಾಯಿದೆ ತಗಲುವುದಿಲ್ಲ. ಅವಕ್ಕೆ ರಿಸರ್ವ್ ಬ್ಯಾಂಕಿನದೇ ಕಟ್ಟಳೆ ಉಂಟು. ಗುಂಪಿನ ಕಿರುಸಾಲದವರು ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಪೋನು ಮಾಡಿ ಪೀಡಿಸಕೂಡದು, ಕೆಟ್ಟ ಮಾತಾಡಕೂಡದು, ನೆಂಟರು ನೆರೆಹೊರೆಯವರನ್ನು ಕಾಡಕೂಡದು. ಈ ಸಾಲಕ್ಕೆ ಒತ್ತೆಯನ್ನೂ ಕೇಳಕೂಡದು. ಕೇಳಿದರೆ 14448ಕ್ಕೆ ದೂರು ಹೇಳಬಹುದು.

ಇಷ್ಟು ಹೇಳಿದ್ದು ಸಾಲ ಎಗರಿಸಲೆಂದಲ್ಲ, ಅದು ನಿಮಗೂ ತಿಳಿದಿದೆ. ಬಂದವನ ಎದುರು ತಲೆ ತಪ್ಪಿಸಿಕೊಂಡು ಹಿತ್ತಲಿಂದ ಹೋಗಬೇಡಿ. ಊರಿನ ಹಿರಿಯರಿಬ್ಬರನ್ನು ಜೊತೆಗೆ ಕೂರಿಸಿಕೊಂಡು, "ಸ್ವಾಮಿ, ಸುಗ್ಗಿಗೆ ಇಷ್ಟು ಕೊಡ್ತೀನಿ, ಮಿಕ್ಕದ್ದು ಮುಂದಿನ ವರ್ಷ, ಬಡ್ಡಿ ಇಲ್ಲಿಗೆ ನಿಲ್ಲಿಸಿ" ಅಂತ ನೋಟು ಪುಸ್ತಕ ತೋರಿಸಿ ಮಾತಾಡಿ. ಕೊಡಲು ಸಾಧ್ಯವಾಗುವಷ್ಟನ್ನೇ ಒಪ್ಪಿಕೊಳ್ಳಿ. ಒಪ್ಪಿದ್ದನ್ನು ಬರೆಯಿಸಿ.

ತಾಯಂದಿರಿಗೆ ಒಂದು ಮಾತು. ಯಜಮಾನರು ಊಟ ಬಿಟ್ಟು, ನಿದ್ದೆ ಬಿಟ್ಟು, ಯಾರೊಡನೆಯೂ ಮಾತಾಡದೆ ಕೂತರೆ, "ನಾನಿಲ್ಲದಿದ್ದರೆ ನಿಮಗೆ ಸುಖ" ಎಂಬಂಥ ಮಾತು ಆಡಿದರೆ, ಬರೀ ಬೇಸರವೆಂದು ಬಿಡಬೇಡಿ. ನೇರವಾಗಿ ಕೇಳಿ. ಒಬ್ಬರನ್ನೇ ಬಿಟ್ಟು ಹೋಗಬೇಡಿ. ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿಗಳನ್ನು ಅಂದೇ ಮನೆಯಿಂದ ಬೇರೆಡೆ ಸಾಗಿಸಿ ಬೀಗ ಹಾಕಿ. 14416ಕ್ಕೆ ಪೋನು ಮಾಡಿದರೆ ಹಗಲು ರಾತ್ರಿ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡುತ್ತಾರೆ. ಟೆಲಿ ಮನಸ್ ಎಂದು 2022ರಲ್ಲಿ ಶುರುವಾದದ್ದು, ಬಿಟ್ಟಿ. ಹೆಂಗಸರೇ ಸಾಲದ ಭಾರ ಹೊತ್ತ ಮನೆಗಳಲ್ಲಿ ಗಂಡಸರೂ ಇದನ್ನೇ ಗಮನಿಸಿ.

ಮಾತಿಗೆ ಬಗ್ಗದವರಿದ್ದರೆ ತಾಲ್ಲೂಕು ಕೋರ್ಟಿನ ಕಟ್ಟಡದಲ್ಲೇ ಕಾನೂನು ಸೇವೆಗಳ ಸಮಿತಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನ ಎಷ್ಟಿದ್ದರೂ, ಇತರರಲ್ಲಿ ಬಡವರಿಗೆ, ವಕೀಲರನ್ನು ಬಿಟ್ಟಿಯಾಗಿ ಕೊಡುತ್ತಾರೆ. ಪೋನು 15100. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟಿನ ಶುಲ್ಕವೂ ಇಲ್ಲ. ಹೋಗುವಾಗ ಆ ನೋಟು ಪುಸ್ತಕ, ರಸೀದಿಗಳು, ಬ್ಯಾಂಕಿನ ಪಾಸ್ ಬುಕ್ಕು, ಪಹಣಿ, ನೋಟೀಸು ಬಂದಿದ್ದರೆ ಅದರ ಲಕೋಟೆ ಸಮೇತ, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ. ಕೋರ್ಟಿಗೆ ರಜವಿಲ್ಲದ ದಿನ ನೋಡಿಕೊಂಡು, ಬೆಳಗಿನ ಬಸ್ಸಿಗೇ ಹೊರಡಿ.