ತಾರಸಿಯ ಹಳೇ ಡಿಶ್‌ಗೆ ಹೊಸ ಕೆಲಸ

ನಿಮ್ಮ ತಾರಸಿ ಮೇಲೆ ಹಳೇ ಟಿವಿ ಡಿಶ್ ಸುಮ್ಮನೆ ಕೂತಿದೆಯೇ? ಗುಜರಿಯವನಿಗೆ ಹಾಕುವ ಮುಂಚೆ ಇದನ್ನೊಂದಿಷ್ಟು ಓದಿ. ಅದರಲ್ಲಿ ದೂರದೇಶದ ಹವ್ಯಾಸಿ ರೇಡಿಯೋದವರ ಮಾತು ಕೇಳಬಹುದು.

ಗಂಡಸರ ಹುಚ್ಚು ಅಂತೀರಾ? 2004ರ ಸುನಾಮಿಯಲ್ಲಿ ಅಂಡಮಾನಿನ ಸುದ್ದಿಯನ್ನು ಹವ್ಯಾಸಿ ರೇಡಿಯೋದಿಂದ ಹೊರಗೆ ಮುಟ್ಟಿಸಿದವರು ಭಾರತಿ ಪ್ರಸಾದ್ ಎಂಬ ಗೃಹಿಣಿ! ಅವರು ಬಳಸಿದ್ದು ಬೇರೆ ಅಲೆ. ನಾನು ಹೇಳಹೊರಟಿದ್ದು ಮೈಕ್ರೋವೇವ್.

2018ರಲ್ಲಿ ಹಾರಿಸಿದ ಕತಾರ್ ದೇಶದ ಈಸ್‌ಹೈಲ್-2 ಉಪಗ್ರಹ ಟಿವಿ ಜೊತೆಗೆ ಹವ್ಯಾಸಿಗಳ ಮಾತನ್ನೂ ಸಾಗಿಸುತ್ತದೆ. ಮಾತು ಇಳಿಯುವುದು 10,489 ಮೆಗಾಹರ್ಟ್ಸ್‌ನಲ್ಲಿ. ಡಿಶ್‌ನ ಮುಂದಿರುವ ಎಲ್‌ಎನ್‌ಬಿ ಅದನ್ನು 739ಕ್ಕೆ ಇಳಿಸಿಕೊಡುತ್ತದೆ. ಕೆಳಗೆ ಒಂದು ಕಂಪ್ಯೂಟರ್, ಅದಕ್ಕೆ ಚುಚ್ಚುವ ಹೆಬ್ಬೆರಳಿನಷ್ಟು ಎಸ್‌ಡಿಆರ್ ರಿಸೀವರ್, ಎಲ್‌ಎನ್‌ಬಿಗೆ ಕರೆಂಟು ಕಳಿಸುವ ಪುಟ್ಟ ಪೆಟ್ಟಿಗೆ ಇದ್ದರಾಯಿತು.

ಕಷ್ಟವೆಲ್ಲ ದಿಕ್ಕು ಹಿಡಿಯುವುದರಲ್ಲಿ. ನಮ್ಮ ಕಡೆಯಿಂದ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ವಾಲಿಸಿ, ಆಕಾಶದ ಮೂರನೇ ಒಂದು ಪಾಲು ಎತ್ತರಕ್ಕೆ ಗುರಿಯಿಡಬೇಕು. ಬೆರಳಗಲ ತಪ್ಪಿದರೂ ದನಿಯಿಲ್ಲ. ತೆಂಗಿನ ಮರ ಅಡ್ಡ ಬಂದರಂತೂ ಮುಗಿಯಿತು. ಬಿಸಿಲೇರಿ ಎಲ್‌ಎನ್‌ಬಿ ಕಾದರೆ ದನಿ ಜಾರುತ್ತಾ ಹೋಗುತ್ತೆ. ಹಪ್ಪಳ ಒಣಗಿಸುವವರಿಗೆ ಬಿಸಿಲಿನ ಗುಣ ನಾನು ಹೇಳಬೇಕೇ!

ಕೇಳಿದ್ದಾಯ್ತು, ಮಾತಾಡೋದು? ತಾಳಿ. ಅದಕ್ಕೆ ಕೇಂದ್ರ ಸರಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೀಬೇಕು. ಮಾತು ಮೇಲೇರುವುದು 2,400 ಮೆಗಾಹರ್ಟ್ಸ್‌ನಲ್ಲಿ. ಮೈಕ್ರೋವೇವ್ ಒಲೆ ಅನ್ನ ಬಿಸಿಮಾಡುವುದೂ ಹೆಚ್ಚುಕಮ್ಮಿ ಅದೇ ಅಲೆಯಲ್ಲಿ. ಇಲ್ಲಿ ಕೆಲವೇ ವ್ಯಾಟ್ ಸಾಕು, ಆದರೂ ಕಳಿಸುವಾಗ ಡಿಶ್ ಮುಂದೆ ಮುಖವೊಡ್ಡಬೇಡಿ, ಮಕ್ಕಳನ್ನೂ ಬಿಡಬೇಡಿ.

ಮೊದಲ ಸಲ ಮಾತಾಡಿದಾಗ ನಿಮ್ಮದೇ ದನಿ ಕಾಲು ಸೆಕೆಂಡು ತಡವಾಗಿ ಕಿವಿಗೆ ಬೀಳುತ್ತೆ. ಗಾಬರಿಯಾಗಬೇಡಿ, ಅದು 36,000 ಕಿಲೋಮೀಟರ್ ಮೇಲೇರಿ ಇಳಿದು ಬಂದದ್ದು.