ಉಪ್ಪಿನ ಪರವಾಗಿ ಒಂದು ಜಗಳ

1927ರಲ್ಲಿ ಎಪ್ಪತ್ತೊಂಬತ್ತರ ಹರೆಯದ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 'ನೇಚರ್' ಪತ್ರಿಕೆಗೆ ಸಿಟ್ಟಿನ ಪತ್ರವೊಂದನ್ನು ಬರೆದರು. ವಿಷಯ ಅಡುಗೆ ಉಪ್ಪು. ಉಪ್ಪಿನ ಹರಳಿನಲ್ಲಿ ಅಣುವೆಂಬುದೇ ಇಲ್ಲ, ಸೋಡಿಯಂ ಮತ್ತು ಕ್ಲೋರಿನ್ ಚದುರಂಗದ ಮನೆಗಳಂತೆ ಸರದಿಯಲ್ಲಿ ನಿಂತಿವೆ ಎಂಬ ಭೌತವಿಜ್ಞಾನಿ ಲಾರೆನ್ಸ್ ಬ್ರಾಗ್ ಅವರ ಮಾತು ಆರ್ಮ್‌ಸ್ಟ್ರಾಂಗ್ ಅವರಿಗೆ ರಸಾಯನಶಾಸ್ತ್ರಕ್ಕೇ ಮಾಡಿದ ಅವಮಾನವಾಗಿ ಕಂಡಿತ್ತು.

ಈ ಜಗಳದ ಬೇರು ಮಂಜುಗಡ್ಡೆಯಲ್ಲಿದೆ. ತೆಳುವಾದ ಮಂಜಿನ ಪದರವೂ ಬ್ಯಾಟರಿಯ ವಿದ್ಯುತ್ತನ್ನು ತಡೆಯುವುದನ್ನು 1833ರಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಗಮನಿಸಿದರು. ಗಟ್ಟಿಯಾಗಿದ್ದಾಗ ವಿದ್ಯುತ್ ಹರಿಯಗೊಡದ ಸೀಸದ ಕ್ಲೋರೈಡ್, ಕಾಯಿಸಿ ಕರಗಿಸಿದೊಡನೆ ದಾರಿ ಬಿಟ್ಟಿತು. ಆದರೆ ವಸ್ತುವನ್ನು ಒಡೆಯುವುದು ವಿದ್ಯುತ್ತೇ ಎಂದು ಅವರು ನಂಬಿದ್ದರು.

ಆ ನಂಬಿಕೆಗೆ ಎದುರು ನಿಂತವರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್. ದ್ರಾವಣಗಳ ವಾಹಕತೆಯ ಮೇಲೆ 1884ರಲ್ಲಿ ಅವರು ಬರೆದ ಪ್ರಬಂಧಕ್ಕೆ ಉಪ್ಸಾಲಾದ ಪ್ರಾಧ್ಯಾಪಕರು ಕೆಳದರ್ಜೆ ಕೊಟ್ಟರು. ಇಂಥ ಪ್ರತಿಭೆಯನ್ನು ಮನೆಯವರೇ ಗುರುತಿಸದೆಹೋದದ್ದು ಈಗಲೂ ನೋಯಿಸುವ ಸಂಗತಿ. ಗುರುತಿಸಿದವರು ರೀಗಾದಿಂದ ಹುಡುಕಿಕೊಂಡು ಬಂದ ರಸಾಯನಶಾಸ್ತ್ರಜ್ಞ ಓಸ್ಟ್‌ವಾಲ್ಡ್. 1887ರಲ್ಲಿ ಅರೇನಿಯಸ್ ಸ್ಪಷ್ಟವಾಗಿ ಹೇಳಿದರು: ಉಪ್ಪು ನೀರಿಗೆ ಬಿದ್ದಾಗಲೇ ವಿದ್ಯುದಾವೇಶ ಹೊತ್ತ ಕಣಗಳಾಗಿ, ಅಂದರೆ ಅಯಾನುಗಳಾಗಿ ಬೇರೆಯಾಗುತ್ತದೆ, ವಿದ್ಯುತ್ತಿಗಾಗಿ ಕಾಯುವುದಿಲ್ಲ.

ನೀರು ಸೋಕಿದರೆ ಸಿಡಿಯುವ ಸೋಡಿಯಂ ಉಪ್ಪುನೀರಿನಲ್ಲಿ ಸುಮ್ಮನೆ ತೇಲುತ್ತದೆಯೇ ಎಂದು ವಿರೋಧಿಗಳು ಕೇಳಿದರು. ನ್ಯಾಯವಾದ ಪ್ರಶ್ನೆ. ಎಲೆಕ್ಟ್ರಾನು ಕಳೆದುಕೊಂಡ ಸೋಡಿಯಂ ಅಯಾನು, ಲೋಹದ ಸೋಡಿಯಂನಂತೆ ವರ್ತಿಸದು ಎಂಬುದೇ ಉತ್ತರ. 1903ರಲ್ಲಿ ಅರೇನಿಯಸ್ ಅವರಿಗೆ ನೊಬೆಲ್ ಬಂತು. ಆರ್ಮ್‌ಸ್ಟ್ರಾಂಗ್ ಮಾತ್ರ ಒಪ್ಪಲಿಲ್ಲ.

1913ರಲ್ಲಿ ಲಾರೆನ್ಸ್ ಬ್ರಾಗ್ ಎಕ್ಸ್-ಕಿರಣಗಳಿಂದ ಹರಳಿನ ರಚನೆಯನ್ನು ಬಿಡಿಸಿದಾಗ ಅರೇನಿಯಸ್ ಊಹಿಸಿದ್ದಕ್ಕಿಂತ ದೊಡ್ಡ ವಿಚಾರ ಹೊರಬಿತ್ತು. ನೀರು ಒಡೆಯಲು ಅಲ್ಲಿ ಅಣುವೇ ಇರಲಿಲ್ಲ! ಗಟ್ಟಿ ಉಪ್ಪಿನಲ್ಲೂ ಇರುವುದು ಅಯಾನುಗಳೇ, ಆದರೆ ಕದಲಲಾರವು. 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ವಿದ್ಯುತ್ತನ್ನು ಹೊತ್ತು ಸಾಗುತ್ತವೆ. ಸಕ್ಕರೆಯ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡಿರುವುದರಿಂದ ಅಣು ಇಡಿಯಾಗಿಯೇ ನೀರಿಗಿಳಿಯುತ್ತದೆ, ವಿದ್ಯುತ್ ಹೊರುವವರಿಲ್ಲ.

ನಮ್ಮ ಪಠ್ಯಪುಸ್ತಕಗಳು ಇದೆಲ್ಲವನ್ನೂ ಎರಡು ಕಾಲಂಗಳ ಕೋಷ್ಟಕವಾಗಿಸಿ, ವಿದ್ಯುತ್ ಹರಿಯುವುದೇ ಎಂಬುದಕ್ಕೆ ಉಪ್ಪಿನಂಥ ಅಯಾನಿಕ ಬಂಧವಾದರೆ ಹೌದು, ಎಲೆಕ್ಟ್ರಾನು ಹಂಚಿಕೊಳ್ಳುವ ಸಹವೇಲೆನ್ಸೀಯ ಬಂಧವಾದರೆ ಇಲ್ಲ ಎಂದು ಮುಗಿಸುವುದು ನನಗೆ ಬೇಸರ ತರಿಸುತ್ತದೆ. ಹೈಡ್ರೋಜನ್ ಕ್ಲೋರೈಡ್ ಆ ಕೋಷ್ಟಕಕ್ಕೆ ಸಿಗುವುದಿಲ್ಲ. ಅದರ ಬಂಧ ಸಹವೇಲೆನ್ಸೀಯ. ಟಾಲ್ವೀನ್‌ನಲ್ಲಿ (ಒಂದು ಸಾವಯವ ದ್ರಾವಕ) ಕರಗಿಸಿದರೆ ವಿದ್ಯುತ್ ಹರಿಯದು, ನೀರಿನಲ್ಲಿ ಕರಗಿಸಿದರೆ ಚೆನ್ನಾಗಿ ಹರಿಯುತ್ತದೆ. ನೀರಿನ ಅಣು ಅದರ ಹೈಡ್ರೋಜನ್ ಅಯಾನನ್ನು ಕಿತ್ತುಕೊಂಡು ತನ್ನದಾಗಿಸಿಕೊಳ್ಳುತ್ತದೆ. ನೀರೂ ಈ ಕ್ರಿಯೆಯ ಪಾಲುದಾರ ಎಂದು ಪಟ್ಟುಹಿಡಿದಿದ್ದ ಆರ್ಮ್‌ಸ್ಟ್ರಾಂಗ್, ಈ ಒಂದು ವಿಷಯದಲ್ಲಿ ತಪ್ಪಿರಲಿಲ್ಲ.